ತೊಳೆಯದ ಪಾತ್ರೆ

ಹಾಲು ಕಾಯಿಸಲು ಪಾತ್ರೆ ತೊಳೆಯುತ್ತಿದ್ದಾಗ ಆಫೀಸಿನಿಂದ ಫೋನು ಬಂತು. ಆಸ್ಪತ್ರೆಗಳಲ್ಲಿ ಎದೆಬಡಿತ ದಾಖಲಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವಳು ನಾನು.

"ಮೇಡಂ, ವೈರು ಸಡಿಲ ಇದ್ರೆ ಯಂತ್ರ ಹಿಂದಿನ ರೋಗಿಯ ಗ್ರಾಫನ್ನೇ ತೋರಿಸ್ತಿದೆ. ಹೊಸ ರೋಗಿಗೆ ಹಾಕೋ ಮುಂಚೆ ಮೆಮೊರಿ ಖಾಲಿ ಮಾಡೋ ಸಾಲೇ ಪ್ರೋಗ್ರಾಂನಲ್ಲಿ ಇಲ್ವಲ್ಲ?"

"ಇತ್ತು. ಯಂತ್ರ ನಿಧಾನ ಆಗತ್ತೆ ಅಂತ ನಾನೇ ತೆಗೆದೆ."

"ಯಾವಾಗ?"

"ಎರಡು ವರ್ಷ ಆಯ್ತು."

ಫೋನಿಟ್ಟು ತಿರುಗಿದರೆ, ಮಗಳು ರಿಬ್ಬನ್ ಹಿಡಿದು ನಿಂತಿದ್ದಳು.

"ಏನಾಯ್ತಮ್ಮ?"

ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದೆ. "ನಮ್ಮ ಎದೆಬಡಿತದ ಯಂತ್ರ ಇದೆಯಲ್ಲ, ನಿನ್ನೆಯ ಪಾತ್ರೆ ತೊಳೆಯದೆ ಇವತ್ತಿಗೆ ಇಟ್ಟ ಹಾಗಾಗಿದೆ, ಪುಟ್ಟಿ. ಹೊಸ ಹಾಲು ಬೀಳಲೇ ಇಲ್ಲ. ತಳದಲ್ಲಿದ್ದ ಹಳೇದನ್ನೇ ನೋಡಿ, ಹಾಲಿದೆ ಅಂದ್ಕೊಂಡ್ರು."

ಒಂದು ಜಡೆ ಮುಗಿಯಿತು. ಎರಡನೆಯದಕ್ಕೆ ಕೂದಲು ಬಿಡಿಸುವಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಹೋದ ವರ್ಷ ಅಪ್ಪ ತೀರಿಕೊಳ್ಳೋ ಹಿಂದಿನ ದಿನ ಎದೆನೋವು ಅಂತ ಆಸ್ಪತ್ರೆಗೆ ಹೋಗಿದ್ವಲ್ಲ. ಗ್ರಾಫ್ ನೋಡಿ ನೀನು, 'ನಮ್ಮದೇ ಯಂತ್ರ ರೀ, ಏನೂ ಇಲ್ಲ ಅಂತಿದೆ, ಮನೆಗೆ ಹೋಗೋಣ' ಅಂದೆ. ಅವತ್ತು ಅದು ತೋರಿಸಿದ್ದು ಯಾರ ಎದೆಬಡಿತ, ಅಮ್ಮ?"