ಹೆರ್ಮೀನಾಳಿಗೆ ಎರಡು ಸುತ್ತು ಗಂಟೆ

ಓಟಕರ್ ವೊಂಡ್ರಾಚೆಕ್ ಪುಟ್ಟ ಇಗರ್ಜಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಬೀಗದ ಕೈ ಬ್ಲಾಜೆನಾ ಹ್ರುಷ್ಕೋವಾಳ ಏಪ್ರನ್ ಜೇಬಿನಲ್ಲಿತ್ತು. ಮೂವತ್ತೊಂದು ವರ್ಷದಿಂದ ಅದರ ಜಾಗ ಅದೇ. ನಮ್ಮ ಯಾವೊರ್ಕಾದಲ್ಲಿ ಯಾರು ತೀರಿಕೊಂಡರೂ ಬೆಳಿಗ್ಗೆ ಹತ್ತಕ್ಕೆ ಸಾವಿನ ಗಂಟೆ ಬಾರಿಸುವವಳು ಅವಳು. ಗಂಡಸಾದರೆ ಮೂರು ಸುತ್ತು, ಹೆಂಗಸಾದರೆ ಎರಡು. ಯಾವೊರ್ಕಾ ಹಳ್ಳಿಯಾಗಿದ್ದದ್ದು ಪಟ್ಟಣದ ಬಡಾವಣೆಯಾಗಿ, ಆರನೇ ನಂಬರ್ ಬಸ್ಸಿನ ಕೊನೆಯ ನಿಲ್ದಾಣವಾಗಿ ಐವತ್ತು ವರ್ಷವಾಯಿತು. ಶಾಲೆ ಹೋಯಿತು, ಅಂಚೆ ಕಚೇರಿ ಹೋಯಿತು. ಗಂಟೆಯನ್ನು ಮಾತ್ರ ನಾವು ಪಟ್ಟಣದವರಿಗೆ ಬಿಟ್ಟುಕೊಟ್ಟಿಲ್ಲ.

"ಬೇಡ ದೊಡ್ಡಮ್ಮಾ," ಅಂದ ಓಟಕರ್. ಅವನು ಬಡಾವಣೆ ಸಮಿತಿಯ ಅಧ್ಯಕ್ಷ. "ಸತ್ತಿರೋದು ಜರ್ಮನಿಯಲ್ಲಿ. ಹೆಸರು ಹೆರ್ಮೀನಾ ಟೌಬರ್. ನಮಗೂ ಆಕೆಗೂ ಏನು ಸಂಬಂಧ?"

"ಹುಟ್ಟಿದ್ದು ಇಲ್ಲಿ."

"ಎಪ್ಪತ್ತೆಂಟು ವರ್ಷದ ಹಿಂದೆ ಹೋದವರು!"

"ಹೋದವರಲ್ಲ ಕಣೋ, ಯುದ್ಧ ಮುಗಿದ ಮೇಲೆ ಇಲ್ಲಿನ ಜರ್ಮನ್ನರನ್ನೆಲ್ಲ ಅಟ್ಟಿದ್ದು. ಹತ್ತು ವರ್ಷದ ಹುಡುಗಿ. ಒಬ್ಬೊಬ್ಬರಿಗೆ ಐವತ್ತೇ ಕಿಲೋ ಸಾಮಾನು ಕಟ್ಟಿಸಿ ರೈಲು ಹತ್ತಿಸಿದ್ರು. ನಿನ್ನ ಬೋರ್ಡಿನಲ್ಲಿ ಅದನ್ನ ಏನಂತ ಬರೆದಿದ್ದೀಯ, ತೋರಿಸು."

ಓಟಕರ್ ಕಂಕುಳಲ್ಲಿದ್ದ ಬೋರ್ಡನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ. ಬಡಾವಣೆಯ ಇತಿಹಾಸ ಸಾರುವ ಆ ಬೋರ್ಡನ್ನು ಭಾನುವಾರ ಇಗರ್ಜಿಯ ಮುಂದೆ ನೆಡುವುದಿತ್ತು. ಬ್ಲಾಜೆನಾ ಅದನ್ನು ಎಳೆದುಕೊಂಡು, ಕನ್ನಡಕ ಮೂಗಿಗೇರಿಸಿ, ಬೀದಿಗೆಲ್ಲ ಕೇಳುವಂತೆ ಓದಿದಳು. ಇಗರ್ಜಿ, 1894. ಕೊಳದ ದಂಡೆಯ ಲಿಂಡನ್ ಮರ, ವಯಸ್ಸು ಸುಮಾರು ಮುನ್ನೂರು. ಯುದ್ಧದಲ್ಲಿ ಮಡಿದವರ ಕಲ್ಲು. ಬೆಂಕಿ ಆರಿಸುವವರ ಕಟ್ಟಡ, 1927. ಆಮೇಲೆ ಒಂದೇ ಒಂದು ಸಾಲು: 1946ರಲ್ಲಿ ಜನಸಂಖ್ಯೆ ಇಳಿಯಿತು.

"ಇಳೀತಂತೆ! ಅದೇನು ಕೊಳದ ನೀರಾ, ಬೇಸಿಗೆ ಬಂದಾಗ ಇಳಿಯೋದಕ್ಕೆ?"

ಓಟಕರ್‌ನ ಮುಖ ಕೆಂಪಾಯಿತು. ಅವನೇನು ಕೆಟ್ಟವನಲ್ಲ. ಹಿಮ ಬಿದ್ದಾಗ ಬ್ಲಾಜೆನಾಳ ಅಂಗಳ ಗುಡಿಸಿಕೊಡುವವನೂ ಅವನೇ. "ಸಮಿತಿಯಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೀವಿ. ಇಲ್ಲಿಯವರಿಗೆ ಮಾತ್ರ ಗಂಟೆ," ಅಂದ.

"ನಿಮ್ಮಪ್ಪ ಹುಟ್ಟಿದ್ದೆಲ್ಲಿ?"

"ಅವರ ಮಾತು ಈಗ್ಯಾಕೆ?"

"ಮೊರಾವಿಯಾದ ಯಾವುದೋ ಮೂಲೇಲಿ ಹುಟ್ಟಿದ್ರು. ಸತ್ತಿದ್ದು ಪಟ್ಟಣದ ಆಸ್ಪತ್ರೇಲಿ. ಇಲ್ಲಿ ಹುಟ್ಟಲೂ ಇಲ್ಲ, ಇಲ್ಲಿ ಸಾಯಲೂ ಇಲ್ಲ. ಆದರೂ ಮೂರು ಸುತ್ತು ಬಾರಿಸಿದೆ. ಆವತ್ತು ನೀನು ಇದೇ ಮೆಟ್ಟಿಲ ಮೇಲೆ ಕೂತು ಅಳ್ತಿದ್ದೆ. ಸಮಿತಿ ಎಲ್ಲಿ ಹೋಗಿತ್ತು?"

ಓಟಕರ್ ಅವಳ ಕೈಯಿಂದ ಬೋರ್ಡನ್ನು ವಾಪಸ್ ತೆಗೆದುಕೊಂಡ. ಕೊನೆಗೆ ದನಿ ತಗ್ಗಿಸಿ, ಇಷ್ಟು ಹೊತ್ತು ನುಂಗಿಕೊಂಡಿದ್ದನ್ನು ಹೊರಗೆ ಹಾಕಿದ. "ಯೋಚನೆ ಮಾಡಿ ದೊಡ್ಡಮ್ಮಾ. ಇವತ್ತು ಗಂಟೆ ಕೇಳ್ತಾರೆ, ನಾಳೆ ಮನೆ ಕೇಳ್ತಾರೆ. ಟೌಬರ್‌ಗಳ ಮನೇಲಿ ಇರೋದು ಯಾರು? ನೀವೇ ಅಲ್ವಾ?"

ಆ ಮಾತು ತಗುಲಿತು. ಅದು ಟೌಬರ್‌ಗಳನ್ನು ಅಟ್ಟಿದ ಮರುವರ್ಷ ಸರ್ಕಾರ ಅವಳ ಅಪ್ಪನಿಗೆ ಕೊಟ್ಟ ಮನೆ. ಹೊರದೇಶದ ನಂಬರಿನ ಕಾರೊಂದು ಬೀದಿಗೆ ಬಂದರೆ ಅಪ್ಪ ಪರದೆ ಎಳೆಯುತ್ತಿದ್ದ. ಅವನ ಹೆದರಿಕೆ ಇವಳಿಗೂ ಬಂದಿತ್ತು. ಜರ್ಮನಿಯ ಗಡಿ ತೆರೆದ ಮೇಲೆ ಒಂದು ದಿನ ಹೆರ್ಮೀನಾ ಗೇಟಿನ ಮುಂದೆ ಬಂದು ನಿಂತಾಗ ಬ್ಲಾಜೆನಾ ಚಿಲಕ ಹಾಕಿಕೊಂಡು ಅಡುಗೆಮನೆಯಲ್ಲಿ ಅಡಗಿ ಕೂತಿದ್ದಳು. ಮರುದಿನ ಹೆರ್ಮೀನಾ ಮತ್ತೆ ಬಂದಳು. ಬಾಗಿಲು ತೆಗೆದರೆ ಅವಳು ಕೇಳಿದ್ದು ಬಾವಿಯ ಒಂದು ಲೋಟ ನೀರು. ಕುಡಿದು, ಲೋಟ ತೊಳೆದಿಟ್ಟು ಹೋದಳು. ಆಮೇಲೆ ಪ್ರತಿ ಕ್ರಿಸ್ಮಸ್‌ಗೆ ಒಂದು ಕಾರ್ಡು ಬರುತ್ತಿತ್ತು. ಹೋದ ವರ್ಷದ ಕಾರ್ಡಿನಲ್ಲಿ ಒಂದೇ ಪ್ರಶ್ನೆ ಇತ್ತು: ನಾನು ಹೋದಾಗ ಗಂಟೆ ಬಾರಿಸುತ್ತೀರಾ? ಬಾರಿಸುತ್ತೇನೆ ಎಂದು ಬ್ಲಾಜೆನಾ ಬರೆದು ಕಳಿಸಿದ್ದಳು. ನಿನ್ನೆ ಹೆರ್ಮೀನಾಳ ಮೊಮ್ಮಗಳ ಫೋನು ಬಂತು.

"ಕೇಳಿದರೆ ಕೇಳಲಿ," ಅಂದಳು ಬ್ಲಾಜೆನಾ. ಬಾಗಿಲತ್ತ ಒಂದು ಹೆಜ್ಜೆ ಇಟ್ಟಳು. "ಎಪ್ಪತ್ತೇಳು ವರ್ಷ ಆ ಸೂರಿನ ಕೆಳಗೆ ಹೆದರಿಕೊಂಡೇ ಮಲಗಿದ್ದೀನಿ. ಸಾಕಾಗಿದೆ. ಸರಿ ಆಚೆಗೆ."

"ಕೀ ಕೊಟ್ಬಿಡಿ."

"ಜೇಬಲ್ಲಿದೆ. ಕೈ ಹಾಕಿ ತಗೋ ನೋಡೋಣ."

ಓಟಕರ್ ಆ ಜೇಬನ್ನು ನೋಡಿದ, ಅವಳನ್ನು ನೋಡಿದ, ಮೆಲ್ಲಗೆ ಪಕ್ಕಕ್ಕೆ ಸರಿದ.

ಹತ್ತು ಹೊಡೆಯಿತು. ಹಗ್ಗಕ್ಕೆ ಅವಳು ಪೂರ್ತಿ ಮೈಭಾರ ಬಿಟ್ಟು ಎಳೆದಳು. ಒಂದು ಸುತ್ತು ಬಾರಿಸಿ ನಿಲ್ಲಿಸಿದಳು. ಮತ್ತೊಂದು ಸುತ್ತು. ಕಿಟಕಿಗಳು ತೆರೆದುಕೊಂಡವು. ಬಸ್ ನಿಲ್ದಾಣದಲ್ಲಿದ್ದವರು ಟೋಪಿ ತೆಗೆದರು. ಹೊರಗೆ ಬರುವಷ್ಟರಲ್ಲಿ ಎದುರು ಮನೆಯ ಯಾರ್ಮಿಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು.

"ಹೆಂಗಸು ಅಂತ ಗೊತ್ತಾಯ್ತು. ಯಾವ ಮನೆಯವರು?"

ನಮ್ಮಲ್ಲಿ ಹೆಸರಿಗಿಂತ ಮೊದಲು ಕೇಳುವುದು ಮನೆ ನಂಬರ್.

"ಇಪ್ಪತ್ತೇಳು," ಅಂದಳು ಬ್ಲಾಜೆನಾ.

"ಇಪ್ಪತ್ತೇಳಾ? ಅದು ನಿಮ್ಮದೇ ಮನೆಯಲ್ವಾ! ನೀವೊಬ್ಬರೇ ತಾನೇ ಅಲ್ಲಿರೋದು?"

ಬ್ಲಾಜೆನಾ ಬೀಗ ಹಾಕಿ, ಬೀಗದ ಕೈ ಜೇಬಿಗೆ ಇಳಿಸಿ, ಓಟಕರ್‌ಗೂ ಕೇಳಲೆಂದು ದನಿ ಎತ್ತಿದಳು.

"ಹೌದು ಕಣೇ. ಸತ್ತಿದ್ದು ನಮ್ಮನೆ ಮಗಳು."