ದೊಡ್ಡ ಗಾಡಿ

"ಸಣ್ಣ ಗಾಡಿ ಸಾಕಿತ್ತು ಯವ್ವಾ. ನೋಡು, ಟ್ರೇಲರ್ ಅರ್ಧ ಖಾಲಿ ಉಳೀತು," ಎಂದ ರೇವಣಸಿದ್ದ, ಬಚ್ಚಲುಮನೆಯಿಂದ ಕಿತ್ತ ಟೈಲ್ಸ್ ಚೂರುಗಳ ಕೊನೆಯ ಬುಟ್ಟಿಯನ್ನು ಟ್ರ್ಯಾಕ್ಟರಿಗೆ ಸುರಿಯುತ್ತ. ಗೋವಿಂದರಾಜನಗರದ ಆ ಇಕ್ಕಟ್ಟು ಕ್ರಾಸಿಗೆ ಹಟ ಹಿಡಿದು ದೊಡ್ಡ ಗಾಡಿಯನ್ನೇ ಬಾಡಿಗೆಗೆ ತರಿಸಿದವಳು ಅವನ ತಾಯಿ ದುರ್ಗವ್ವ. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅವಳು ಬಾಗಿಲ ಕಡೆ ಬೆರಳು ತೋರಿಸಿದಳು. "ಖಾಲಿ ಯಾಕ ಉಳೀತದ? ಈ ಹೊಸ್ತಿಲಾ ಕೀಳಸು. ಹೊರಗಿನ ಮೆಟ್ಟಲಾನೂ ಒಡಸಿ ಹಾಕು. ಅಲ್ಲಿ ಇಳಿಜಾರ ಮಾಡಸು."

ಬುಟ್ಟಿ ಮಗನ ಕೈಯಲ್ಲೇ ಉಳಿಯಿತು. "ಹೊಸ್ತಿಲಾ ಕಸಕ್ಕ ಹಾಕೂದಾ? ಶುಕ್ರವಾರಕ್ಕೊಮ್ಮೆ ಅದಕ್ಕ ಪೂಜಾ ಮಾಡಾಕಿ ನೀನ ಅಲ್ಲೇನು? ಮಂದಿ ಏನಂದಾರು?"

"ಮಂದಿ ಬಂದು ನನ್ನ ಎತ್ತತಾರೇನು?" ಕಾಲಿನ ಸ್ವಾಧೀನ ಹೋದಾಗಿನಿಂದ ಅವಳು ಮನೆ ಬಿಟ್ಟು ಹೋಗಿದ್ದೆಂದರೆ ಆಸ್ಪತ್ರೆಗೆ ಮಾತ್ರ, ಅದೂ ಇಬ್ಬರು ಗಂಡಸರು ಜೋಳದ ಚೀಲದಂತೆ ಹೊತ್ತು ದಾಟಿಸಿದಾಗ. ಎದುರುಮನೆ ಕಟ್ಟೆಯ ಹೆಂಗಸರ ಹರಟೆಯನ್ನು ಒಳಗಿನಿಂದಲೇ ಕೇಳಿ ಕೇಳಿ ಸಾಕಾಗಿತ್ತು.

ಗಾಲಿಯನ್ನು ತಾನೇ ತಿರುಗಿಸಿಕೊಂಡು ಬಾಗಿಲಿಗೆ ಬಂದಳು. ಕುರ್ಚಿ ಹೊಸ್ತಿಲಿಗೆ ಬಡಿದು ನಿಂತಿತು. ಬೆಳಗಿನಿಂದ ಮಡಿಲಲ್ಲೇ ಇಟ್ಟುಕೊಂಡಿದ್ದ ಬಟ್ಟಲು ತೆಗೆದು, ಬಗ್ಗಿ, ಆ ಹಳೇ ಮರಕ್ಕೆ ಅರಿಶಿನ ಬಳಿದು ಕುಂಕುಮವಿಟ್ಟು ಕೈಮುಗಿದಳು.

"ಇಷ್ಟ ದಿನಾ ನನ್ನ ಒಳಗ ಕುಂಡ್ರಿಸಿದಿ," ಎಂದಳು ಹೊಸ್ತಿಲಿಗೆ. "ಇವತ್ತ ಮೊದಲ ನೀ ಹೊರಗ ನಡಿ. ಹಿಂದ ನಾ ಬರ್ತೀನಿ."