ಓದದೆ ಬಿಟ್ಟ ಸಾಲು

"ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ!" ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಬಲಿಪೂಜೆಯಲ್ಲಿ, ಯೇಸುವಿನ ಸಾವು ಬೇಡಿದ ಜನರ ಮಾತನ್ನು ಇಡೀ ಚರ್ಚು ಒಟ್ಟಾಗಿ ಓದಿತು. ಮುದುಕ ಕ್ಯಾಸಿಮಿರ್ ಮಾತ್ರ ಬಾಯಿ ತೆರೆಯಲಿಲ್ಲ.

ಅವರ ಕಣ್ಣು ಮಂಜಾದ ಮೇಲೆ ವಿದೇಶದಲ್ಲಿ ಅವರು ನೆಲೆಸಿದ್ದ ವಿಲೆಟನ್ ಬಡಾವಣೆಯ ನೆರೆಮನೆಯ ರೂತ್ ಪ್ರತಿ ವಾರ ಕಾರಿನಲ್ಲಿ ಕರೆತರುತ್ತಿದ್ದರು. ರೂತ್ ಯೆಹೂದಿ. ಇಂದು ಜನರೂ ಓದಬೇಕಿದ್ದರಿಂದ ಮೊದಲ ಸಲ ಒಳಗೂ ಬಂದು, ಪ್ರತಿ ಸಾಲನ್ನೂ ಅವರ ಕಿವಿಯಲ್ಲಿ ಹೇಳಿಕೊಡುತ್ತಿದ್ದವರು ಈ ಸಾಲನ್ನು ಮಾತ್ರ ಹೇಳಿಕೊಡಲಿಲ್ಲ. ಯೇಸುವನ್ನು ಕೊಂದವರು ಯೆಹೂದಿಗಳು, ಆ ಶಾಪ ಅವರ ಮಕ್ಕಳಿಗೂ ಉಂಟು ಎಂದು ಚಿಕ್ಕಂದಿನಲ್ಲಿ ಉಡುಪಿ ಕಡೆಯ ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದನ್ನು ಕ್ಯಾಸಿಮಿರ್ ಈವರೆಗೆ ಪ್ರಶ್ನಿಸಿರಲಿಲ್ಲ.

"ಸಾರಿ ರೂತ್, ನಿಮ್ಮನ್ನ ಇವತ್ತು ಒಳಗೆ ಕರೀಬಾರದಿತ್ತು," ಎಂದು ಪಿಸುಗುಟ್ಟಿದರು.

"ಪೋಲೆಂಡಲ್ಲಿ ಈ ವಾರ ಬಂದ್ರೆ ನಮ್ಮಜ್ಜಿ ಬಾಗಿಲು ಹಾಕ್ಕೊಂಡು ಕೂರ್ತಿದ್ರಂತೆ. ಇದೇ ಮಾತು ಕೇಳಿ ಜನ ಚರ್ಚಿಂದ ಹೊಡೆಯೋಕೆ ಬರ್ತಿದ್ರಂತೆ."

"ಗೊತ್ತಿದ್ದೂ ಯಾಕೆ ಬಂದ್ರಿ?"

"ನಿಮಗೆ ಓದೋಕಾಗಲ್ವಲ್ಲ, ಕ್ಯಾಸ್."

ಯೇಸು ಪ್ರಾಣಬಿಟ್ಟ ಸಾಲು ಬಂದಾಗ ಎಲ್ಲರೂ ಮೊಣಕಾಲೂರಿದರು. ಕ್ಯಾಸಿಮಿರ್ ಅಂದು ದೇವರಲ್ಲಿ ಏನನ್ನೂ ಬೇಡಲಿಲ್ಲ. ರೂತ್ ಅವರನ್ನು ಪಕ್ಕದ ಮನೆಯಲ್ಲಿಟ್ಟಿದ್ದಕ್ಕೆ ಕೈಮುಗಿದು ಅತ್ತರು.